ನೋಡಿದ್ದೇನೆ ಎಂಬ ರುಜು

ದೇವಯ್ಯ ಹೇಡಿ. ಕೆಟ್ಟವನಲ್ಲ, ಕಳ್ಳನಲ್ಲ, ಶುದ್ಧ ಹೇಡಿ. ಚಾಮರಾಜಪೇಟೆಯ ಆ ಶಾಖಾ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು, ಮೇಲಿನಿಂದ ಬಂದ ಯಾವ ಕಾಗದಕ್ಕೂ ಒಮ್ಮೆಯೂ ಯಾಕೆ ಎಂದು ಕೇಳಿದ್ದಿಲ್ಲ. ಸೂರು ಸೋರುತ್ತಿದ್ದ ವರ್ಷ ‘ಕಟ್ಟಡ ಸುಸ್ಥಿತಿಯಲ್ಲಿದೆ’ ಎಂದು ಬರೆದುಕೊಟ್ಟು, ಕವಿತೆಗಳ ಕಪಾಟಿನ ಪಕ್ಕ ಬಕೆಟ್ ಇಟ್ಟಿದ್ದ. ಈಗ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಪೆನ್ಷನ್ ಕಾಗದಗಳು ಮೇಲಿನ ಕಚೇರಿಯಲ್ಲಿ ಸುಸೂತ್ರವಾಗಿ ದಾಟಬೇಕು ಎಂಬುದೊಂದೇ ಅವನ ಆಸೆ.

ಅದೇ ಕಚೇರಿಯಿಂದ ಸುಪ್ರಜಾ ಬಂದಳು. ಮೂವತ್ತು ದಾಟಿರದ ಚುರುಕು ಅಧಿಕಾರಿ. ಕೌಂಟರಿನ ಕಂಪ್ಯೂಟರಿಗೆ ಕೃತಕ ಬುದ್ಧಿಮತ್ತೆಯ ಎರಡು ಸಲಕರಣೆ ಹಾಕಿಸಿದಳು. ಒಂದು ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡುವಂಥದು. ಇನ್ನೊಂದು ರಿಜಿಸ್ಟರನ್ನೆಲ್ಲ ಜಾಲಾಡಿ, ಯಾರಿಗೂ ಬೇಡವಾದ ಪುಸ್ತಕಗಳ ಪಟ್ಟಿ ಮಾಡುವಂಥದು.

“ಇದು ಬರೀ ಸಲಹೆ ಕೊಡುತ್ತೆ, ದೇವಯ್ಯನವರೇ. ತೀರ್ಮಾನ ನಿಮ್ದೇ. ಒಂದೊಂದು ಪುಸ್ತಕಾನೂ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಸೈನ್ ಮಾಡಿ.”

“ಆಗ್ಲಿ ಮೇಡಂ.”

ದಿನವೂ ಪೇಪರ್ ಓದಲು ಬರುವ ವೃಷಭೇಂದ್ರಪ್ಪ ಹಾಳೆಯ ಮರೆಯಿಂದಲೇ ಅಂದ: “ಈ ಮನುಷ್ಯ ಆಗಲ್ಲ ಅಂದ ದಿನ ನಾನು ಇಡೀ ಪೇಟೆಗೆ ಮೈಸೂರ್ ಪಾಕ್ ಹಂಚ್ತೀನಿ ಮೇಡಂ.”

ಸುಪ್ರಜಾಳ ನಿಯಮ ಸರಿಯಾಗಿಯೇ ಇತ್ತು. ಪಟ್ಟಿಯಲ್ಲಿ ನಾನೂರ ಹನ್ನೆರಡು ಪುಸ್ತಕಗಳಿದ್ದವು. ಮೊದಲ ದಿನ ದೇವಯ್ಯ ಹನ್ನೊಂದನ್ನು ತೆಗೆದು ನೋಡಿದ. ಧೂಳಿಗೆ ಕೆಮ್ಮು ಹತ್ತಿತು. ಮರುದಿನ ಅವಳೇ ಫೋನ್ ಮಾಡಿದಳು: “ಬೇರೆ ಶಾಖೆಯವರೆಲ್ಲ ಕಳಿಸಿಬಿಟ್ರು. ನಿಮ್ದೊಂದೇ ಬಾಕಿ.” ಸಂಜೆಯೊಳಗೆ ಎಲ್ಲ ಹಾಳೆಗಳಿಗೂ ರುಜು ಬಿತ್ತು. ಗುರುವಾರ ಟೆಂಪೋ ಬಂದು ಪುಸ್ತಕಗಳನ್ನು ರದ್ದಿಗೆ ಒಯ್ದಿತು.

ಯಂತ್ರಕ್ಕೆ ತಿಳಿಯದ, ದೇವಯ್ಯನಿಗೆ ಮಾತ್ರ ತಿಳಿದಿದ್ದ ಸಂಗತಿಯೊಂದಿತ್ತು. ಅಲ್ಲಿಯೇ ಕೂತು ಓದುವವರು ಪುಸ್ತಕದ ನಂಬರನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಬಿಟ್ಟುಹೋಗುತ್ತಿದ್ದರು. ಆ ಚೀಟಿಗಳನ್ನು ರಿಜಿಸ್ಟರಿಗೆ ಏರಿಸುವುದು ಅವನ ಕೆಲಸ. ಯಾರೂ ಕೇಳಲಿಲ್ಲ, ಅವನು ಏರಿಸಲಿಲ್ಲ. ಚೀಟಿಗಳ ಹಿಂಬದಿಯಲ್ಲಿ ಮನೆಗೆ ಒಯ್ಯಬೇಕಾದ ಬೇಳೆ, ಸೋಪಿನ ಪಟ್ಟಿ ಬರೆದುಕೊಳ್ಳುತ್ತಿದ್ದ. ಹೀಗಾಗಿ ಮನೆಗೆ ಎರವಲು ಹೋದ ಪುಸ್ತಕಗಳಷ್ಟೇ ಯಂತ್ರದ ಕಣ್ಣಿಗೆ ಬಿದ್ದವು. ಅದರ ಪಾಲಿಗೆ ಮೇಜಿನ ಓದುಗರು ಹುಟ್ಟಿಯೇ ಇರಲಿಲ್ಲ.

ಅಂಥವರಲ್ಲಿ ನರಸಮ್ಮ ಒಬ್ಬಳು. ಉಪ್ಪಾರಪೇಟೆಯ ಲಾಡ್ಜೊಂದರಲ್ಲಿ ರೂಮು ಗುಡಿಸಿ, ಬಿನ್ನಿಪೇಟೆಯ ಬಾಡಿಗೆ ಮನೆಗೆ ಹೋಗುವ ಮುನ್ನ ಸುತ್ತು ಹಾಕಿ ಇಲ್ಲಿಗೆ ಬರುತ್ತಿದ್ದಳು. ವಿಳಾಸದ ದಾಖಲೆ ಇಲ್ಲದ್ದರಿಂದ ಸದಸ್ಯತ್ವ ಸಿಕ್ಕಿರಲಿಲ್ಲ. ನಲವತ್ತೆಂಟರಲ್ಲಿ ಅಕ್ಷರ ಕಲಿತವಳು. ಸಾಲಿನ ಕೆಳಗೆ ಬೆರಳಿಟ್ಟು ದಿನಕ್ಕೆ ನಾಲ್ಕು ಪುಟ ಓದುತ್ತಿದ್ದಳು. ರಟ್ಟು ಕಿತ್ತುಹೋಗಿ, ಹೆಸರೇನು, ಬರೆದವರು ಯಾರು ಎಂಬುದೂ ತಿಳಿಯದಂತಾಗಿದ್ದ ಒಂದು ದಪ್ಪ ಕಾದಂಬರಿ ಹಿಡಿದು ಏಳು ತಿಂಗಳಾಗಿತ್ತು. ಅವಳ ಬದುಕಿನ ಮೊದಲ ಕಾದಂಬರಿ. ಮುಗಿಯಲು ಅರವತ್ತು ಪುಟ ಉಳಿದಿತ್ತು.

ಶುಕ್ರವಾರ ಅವಳು ಖಾಲಿ ಕಪಾಟಿನ ಮುಂದೆ ಬಹಳ ಹೊತ್ತು ನಿಂತು, ಕೌಂಟರಿಗೆ ಬಂದಳು.

“ಸಾರ್, ನನ್ ಬುಕ್ ಎಲ್ಲೋಯ್ತು?”

“ತೆಗೆದುಬಿಟ್ರಮ್ಮ. ಯಾರೂ ಓದಲ್ಲ ಅಂತ ಕಂಪ್ಯೂಟರ್ ಹೇಳ್ತು.”

“ನಾನ್ ಓದ್ತಿದ್ನಲ್ಲ? ನೀವೇ ದಿನಾ ನೋಡ್ತಿದ್ರಿ.”

“ನಿಮ್ ಹೆಸರು ಅದ್ರಲ್ಲಿಲ್ಲಮ್ಮ.”

“ಚೀಟಿ ಇಡ್ತಿದ್ದೆ. ನೀವು ಬರ್ಕೊಳ್ಲಿಲ್ವಾ?”

ದೇವಯ್ಯ ಸ್ಟಾಂಪ್ ಪ್ಯಾಡಿನ ಮುಚ್ಚಳ ತೆಗೆದ, ಹಾಕಿದ.

“ಹೋಗ್ಲಿ ಬಿಡಿ. ಆ ಚಿಕ್ಕ ಸೊಸೆ ಏನಾದ್ಲು, ಅಷ್ಟು ಹೇಳಿ. ಮಗು ಎತ್ಕೊಂಡು ಸ್ಟೇಷನ್ನಲ್ಲಿ ನಿಂತಿದ್ಲು. ರೈಲು ಹತ್ತಿದ್ಲಾ?”

ದೇವಯ್ಯ ಆ ಪುಸ್ತಕ ಓದಿರಲಿಲ್ಲ. ಅವಳು ಹೇಳಿದಷ್ಟು ಕಥೆಯನ್ನು ಒಂದೊಂದೇ ಅಕ್ಷರ ಒತ್ತಿ ಕಂಪ್ಯೂಟರಿಗೆ ಕೇಳಿದ. ಅದು ತಡವರಿಸಲಿಲ್ಲ. ಸೊಸೆ ರೈಲು ಹತ್ತದೆ ಮನೆಗೆ ಮರಳುತ್ತಾಳೆ, ಗಂಡ ತಪ್ಪು ಒಪ್ಪಿಕೊಳ್ಳುತ್ತಾನೆ, ಇಬ್ಬರೂ ಸುಖವಾಗಿ ಬಾಳುತ್ತಾರೆ ಎಂದು ಅಚ್ಚುಕಟ್ಟಾದ ಕನ್ನಡದಲ್ಲಿ ಉತ್ತರಿಸಿತು. ದೇವಯ್ಯ ಗೆಲುವಿನಿಂದ ಓದಿ ಹೇಳಿದ.

“ಗಂಡ ಅರ್ಧ ಬುಕ್ಕಲ್ಲೇ ಸತ್ತೋದ, ಸಾರ್.”

ವೃಷಭೇಂದ್ರಪ್ಪ ಜೋರಾಗಿ ನಕ್ಕ. ಅವಳ ಮುಖ ಕಂಡು ನಗು ಅಲ್ಲಿಗೇ ನಿಂತಿತು.

“ಗೊತ್ತಿಲ್ಲ ಅನ್ನಕ್ಕೆ ಬರಲ್ವಾ ಅದಕ್ಕೆ?” ಎಂದಳು ನರಸಮ್ಮ. ಕೇಳಿದ್ದು ಕಂಪ್ಯೂಟರಿನ ಬಗ್ಗೆ, ನೋಡುತ್ತಿದ್ದುದು ದೇವಯ್ಯನನ್ನು. ಚೀಲ ಹೆಗಲಿಗೇರಿಸಿ ಹೊರಟುಹೋದಳು.

ಶನಿವಾರ ದೇವಯ್ಯ ರದ್ದಿ ಅಂಗಡಿಗೆ ಹೋಗಿ ವಿಚಾರಿಸಿದ. ಲೋಡು ಹಿಂದಿನ ದಿನವೇ ಕಾಗದದ ಕಾರ್ಖಾನೆಗೆ ಹೋಗಿತ್ತು. ಅಷ್ಟರಲ್ಲಿ ನೆಂದು ತಿರುಳಾಗಿರಬೇಕು. ಆ ಕಾದಂಬರಿಯ ಇನ್ನೊಂದು ಪ್ರತಿ ಹುಡುಕೋಣವೆಂದರೆ ಅದರ ಹೆಸರೇ ಯಾರಿಗೂ ಗೊತ್ತಿರಲಿಲ್ಲ. ನಂಬರಿದ್ದ ಚೀಟಿಗಳು ಬೇಳೆ, ಸೋಪಿನ ಪಟ್ಟಿಯ ಜೊತೆ ಎಂದೋ ಕಸಕ್ಕೆ ಹೋಗಿದ್ದವು. ನರಸಮ್ಮ ಸೋಮವಾರ ಬರಲಿಲ್ಲ. ಆ ತಿಂಗಳೂ ಬರಲಿಲ್ಲ, ಮುಂದಿನ ತಿಂಗಳೂ ಬರಲಿಲ್ಲ. ಅವಳ ವಿಳಾಸ ಗ್ರಂಥಾಲಯದಲ್ಲಿ ಎಲ್ಲೂ ಇರಲಿಲ್ಲ.

ನಿವೃತ್ತಿಗೆ ಐದು ವಾರ ಇದ್ದಾಗ ಎರಡನೆಯ ಪಟ್ಟಿ ಬಂತು. ಮುನ್ನೂರ ಆರು ಪುಸ್ತಕ. ಅವನ ಪೆನ್ಷನ್ ಕಡತ ಇನ್ನೂ ಸುಪ್ರಜಾಳ ಮೇಜಿನಲ್ಲೇ ಇತ್ತು. ನಾಳೆಯೊಳಗೆ ಪಟ್ಟಿ ಬೇಕೆಂದು ಅವಳು ಎರಡು ಸಲ ಫೋನ್ ಮಾಡಿದ್ದಳು. ಕೊನೆಯ ಹಾಳೆಯ ಕೆಳಗೆ, ಮೊದಲ ಪಟ್ಟಿಯಲ್ಲಿದ್ದಂತೆಯೇ, ಅಚ್ಚಾಗಿತ್ತು: ‘ಮೇಲ್ಕಂಡ ಪ್ರತಿ ಪುಸ್ತಕವನ್ನೂ ಖುದ್ದಾಗಿ ನೋಡಿದ್ದೇನೆ.’

ದೇವಯ್ಯ ಆ ಸಾಲನ್ನು ಅಡಿಪಟ್ಟಿ ಇಟ್ಟು ಹೊಡೆದುಹಾಕಿದ. ಅದರ ಕೆಳಗೆ ಬರೆದ: ‘ನೋಡಿಲ್ಲ. ಹಿಂದಿನ ಪಟ್ಟಿಯಲ್ಲೂ ಹನ್ನೊಂದನ್ನು ಬಿಟ್ಟು ಉಳಿದವನ್ನು ನೋಡಿರಲಿಲ್ಲ. ಇಲ್ಲಿ ಕೂತು ಓದಿದವರ ಚೀಟಿಗಳನ್ನು ಮೂವತ್ತೊಂದು ವರ್ಷ ನಾನು ರಿಜಿಸ್ಟರಿಗೆ ಏರಿಸಿಲ್ಲ. ಆದ್ದರಿಂದ ಯಂತ್ರದ ಈ ಪಟ್ಟಿ ತಪ್ಪು.’

ಹೆಸರು, ತಾರೀಖು ಹಾಕಿ ಮೊಹರು ಒತ್ತಿದ. ಮೊಹರು ಸೊಟ್ಟಗೆ ಬಿತ್ತು. ಪಕ್ಕದಲ್ಲಿ ಇನ್ನೊಮ್ಮೆ ನೆಟ್ಟಗೆ ಒತ್ತಿ, ಲಕೋಟೆಗೆ ಅಂಟು ಹಚ್ಚಿದ.