ಸೆಕೆಂಡ್ ಹ್ಯಾಂಡ್

ಮದುವೆಯಾಗಿ ವರ್ಷ ತುಂಬುವುದರೊಳಗೆ ಯಾದಗಿರಿಯ ನನ್ನ ಗಂಡ ಇನ್ನೊಬ್ಬಳನ್ನು ಮನೆಗೆ ತಂದು ಇಟ್ಟುಕೊಂಡ. ಕೋರ್ಟಿನಲ್ಲಿ ಸೋಡಚೀಟಿಯಾಗಿ ಸಂಬಂಧ ಹರಿಯಿತು. ಶಹಾಪುರದ ತವರಿಗೆ ಬಂದವಳು ಓಣಿಯ ಹತ್ತಿರದ ಶಾಲೆಯಲ್ಲಿ ಮೂರನೇ ಇಯತ್ತೆಗೆ ಇಂಗ್ಲಿಷ್ ಕಲಿಸತೊಡಗಿದೆ.

ಒಂದು ದಿನ 'ಹ್ಯಾಂಡ್' ಪಾಠ. ಹ್ಯಾಂಡ್ ಅಂದರೆ ಕೈ. 'ಗಿವ್ ಮಿ ಎ ಹ್ಯಾಂಡ್' ಅಂದರೆ ಸಹಾಯ ಮಾಡು ಎಂದೆ. ಮಕ್ಕಳು ಕಿಸಕ್ಕನೆ ನಕ್ಕವು; ನಮ್ಮ ಕಡೆ ಕೈ ಕೊಡುವುದೆಂದರೆ ಮೋಸ ಮಾಡುವುದು. ನಾನೂ ನಕ್ಕೆ. ಆಮೇಲೆ ಗೋಡೆಯ ಗಡಿಯಾರ ತೋರಿಸಿದೆ. ಅದರ ಮುಳ್ಳುಗಳಿಗೂ ಹ್ಯಾಂಡ್ ಅಂತಾರೆ, ಗಂಟೆಯದು ಅವರ್ ಹ್ಯಾಂಡ್, ನಿಮಿಷದ್ದು ಮಿನಿಟ್ ಹ್ಯಾಂಡ್, ಈ ಸಣ್ಣದು ಸೆಕೆಂಡ್ ಹ್ಯಾಂಡ್.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ನಮ್ಮ ಓಣಿಯವರ ಮಗಳೇ.

"ಟೀಚರ್, ಸೆಕೆಂಡ್ ಹ್ಯಾಂಡ್ ನೀವಲ್ಲೇನ್ರಿ?"

"ಯಾರು ಹೇಳ್ಯಾರ?"

"ನಮ್ಮವ್ವ ಅಂತಾಳ್ರಿ. ನಿಮ್ಮ ಟೀಚರ್ ಸೆಕೆಂಡ್ ಹ್ಯಾಂಡ್ ಅಂತ."

ಹೆಡ್ ಮಾಸ್ಟರ್ ಇದ್ದ ಹಾಗೆ ಅದೂ ಒಂದು ಹುದ್ದೆ ಎಂದುಕೊಂಡಿತ್ತು ಆ ಮಗು. ಹೊಸ ಪದ ಬಂದರೆ ಎಲ್ಲರೂ ಕೂಡಿ ಹೇಳುವುದು ನಾನೇ ಹಾಕಿದ ರೂಢಿ. ಇಡೀ ಕ್ಲಾಸು ನನ್ನತ್ತ ನೋಡುತ್ತ "ಸೆಕೆಂಡ್ ಹ್ಯಾಂಡ್!" ಎಂದು ಕೂಗಿತು. ಪಕ್ಕದ ಕೋಣೆಯ ಟೀಚರ್ ಬಾಗಿಲಿಗೆ ಬಂದು ನಿಂತರು. "ಪಾಠ ಭಾಳ ಚಲೋ ನಡದದ ಬಿಡ್ರಿ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೋದರು. ನಾನು ಮಕ್ಕಳಿಗೆ ಬರೆಯಲು ಕೊಟ್ಟು ಕಿಟಕಿಯ ಕಡೆ ತಿರುಗಿ ನಿಂತೆ.

ಅದೇ ಚಳಿಗಾಲ ಹುಣಸಗಿಯಿಂದ ಒಬ್ಬರು ನನ್ನನ್ನು ನೋಡಲು ಬಂದರು. ಗೊಬ್ಬರದ ಅಂಗಡಿಯವರು, ಹೆಂಡತಿ ತೀರಿಕೊಂಡಿದ್ದಳು, ಇಬ್ಬರು ಮಕ್ಕಳು. ಕೂದಲಿಗೆ ಹಚ್ಚಿದ ಕಪ್ಪು ಕಿವಿಗೂ ಹತ್ತಿತ್ತು. ಮಾತೆಲ್ಲ ಅವರ ಅಕ್ಕನದೇ.

"ಹುಡುಗಿ ಪಸಂದ್ ಅದಾಳ್ರಿ. ಆದ್ರ ಸೆಕೆಂಡ್ ಹ್ಯಾಂಡ್ ಅಲ್ಲೇನು? ಹೊಸಾದಕ್ಕ ಕೊಡೂ ಮರ್ಯಾದಿ ಬಯಸಬ್ಯಾಡ್ರಿ. ಗುಡಿಯಾಗ ಒಂದು ಹಾರ ಹಾಕಿಸಿ ಕಳಸ್ರಿ, ಸಾಕು."

ಅಪ್ಪ ತಲೆ ತಗ್ಗಿಸಿ "ಹೌದ್ರಿ" ಎಂದ. ಆ ಒಂದು ಹೌದ್ರಿ ನನಗೆ ತಡೆಯಲಾಗಲಿಲ್ಲ.

"ನಿಮ್ಮ ತಮ್ಮಾರು ಎಷ್ಟನೇ ಹ್ಯಾಂಡ್ ರೀ?" ಎಂದು ಕೇಳಿಬಿಟ್ಟೆ.

ಆ ಮನುಷ್ಯ ಚಹಾದ ಕಪ್ಪು ಕೆಳಗಿಟ್ಟ. ಅಕ್ಕ ಎದ್ದು ಸೀರೆ ಸರಿಮಾಡಿಕೊಂಡಳು. "ಗಂಡಸರಿಗಿ ಹಂಗ ಅನ್ನಂಗಿಲ್ಲವ್ವಾ. ಆ ಮೊದಲಿನಾಂವ ಯಾಕ ಬಿಟ್ಟಾನಂತ ಈಗ ತಿಳೀತು ನೋಡು."

ಅವರ ಕಾರು ಓಣಿ ದಾಟುವ ಮೊದಲೇ ಅವ್ವ ನನ್ನ ಕಪಾಳಕ್ಕೆ ಹೊಡೆದಳು. ಮರುದಿನ ಮಾಫಿ ಕೇಳಲು ಸುರಪುರದಲ್ಲಿ ಬಸ್ಸು ಬದಲಿಸಿ ತಾನೇ ಹುಣಸಗಿಗೆ ಹೋದಳು. ಅಂಗಡಿಯ ಮೆಟ್ಟಿಲ ಮೇಲೆ ಅವಳನ್ನು ಮಧ್ಯಾಹ್ನದ ತನಕ ಕೂಡಿಸಿ, ಕಡೆಗೆ ನಾರಾಯಣಪುರದ ಕಡೆ ಹೆಣ್ಣು ಗೊತ್ತಾಗಿದೆ ಎಂದು ಹೇಳಿ ಕಳಿಸಿದರಂತೆ. ಹುಡುಗಿ ಕಾಲೇಜಿನ ಮೊದಲ ವರ್ಷದಲ್ಲಿದ್ದಳು.

"ಅಕಿ ಕೇಳಿದ್ದಕ್ಕಷ್ಟ ಮಾತಾಡ್ತಾಳಂತ" ಎಂದಳು ಅವ್ವ, ಚಪ್ಪಲಿ ಬಿಡುತ್ತ. ಅಪ್ಪ ಒಳಗಿನಿಂದ "ಊಟಕ್ಕ ಹಾಕು" ಎಂದ. ನನಗಲ್ಲ, ಅವ್ವನಿಗೆ. ಬೇಸಿಗೆ ಮುಗಿಯುವವರೆಗೂ ಅವನು ನನ್ನೊಡನೆ ಮಾತಾಡಲಿಲ್ಲ.

ಆ ಶಾಲೆ ಬಿಟ್ಟೆ. ಈಗ ದಿನಾ ಶೇರ್ ಆಟೋದಲ್ಲಿ ಗೋಗಿಗೆ ಹೋಗಿ ಕಲಿಸುತ್ತೇನೆ. ಅಲ್ಲಿ ನನ್ನ ಸಂಗತಿ ಇನ್ನೂ ಯಾರಿಗೂ ತಿಳಿದಿಲ್ಲ. ಪಕ್ಕದಲ್ಲಿ ಕೂತ ಹೆಂಗಸರು "ನಿಮ್ಮ ಯಜಮಾನರು ಏನು ಮಾಡ್ತಾರ್ರಿ ಟೀಚರ್?" ಎಂದು ಕೇಳಿದರೆ "ತೀರ್ಕೊಂಡಾರ್ರಿ" ಎನ್ನುತ್ತೇನೆ. ಅಯ್ಯೋ ಪಾಪ ಎಂದು ಅವರು ಸರಿದು ಜಾಗ ಬಿಡುತ್ತಾರೆ.