ಪೀರನವಾಡಿಯಲ್ಲಿ ಇಳಿದು ನಡೆಯುವವರು

ಗಂಡ ಟ್ರಾಫಿಕ್ ಪೊಲೀಸ್, ಹೆಂಡತಿ ಅವನ ಕಣ್ಣಿಗೆ ಮಣ್ಣೆರಚುವ ಗಾಡಿಯ ಕಾಯಂ ಗಿರಾಕಿ. ಇಸವಿ ಎರಡು ಸಾವಿರದ ಆಚೀಚೆ ನಮ್ಮ ಸಂಸಾರ ಹೀಗಿತ್ತು. ನಾನು ಖಾನಾಪುರದ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ‘ಬಾಯಾರು’. ಇವರು ಹೆಡ್ ಕಾನ್ಸ್‌ಟೇಬಲ್. ಬೆಳಗಿನ ಹೊತ್ತು ಇವರ ಡ್ಯೂಟಿ ಪೀರನವಾಡಿಯಲ್ಲಿ, ಖಾನಾಪುರ ರಸ್ತೆಯ ಮೇಲೆ. ಬೆಳಗಾವಿಯ ಮನೆಯಿಂದ ಇವರು ಮೊದಲು ಹೊರಡುತ್ತಿದ್ದರು. ನಾನು ಒಲೆ ಆರಿಸಿ, ಡಬ್ಬಿ ಕಟ್ಟಿಕೊಂಡು, ಬೀಗ ಹಾಕಿ ಆಮೇಲೆ ಹೊರಡುತ್ತಿದ್ದೆ.

ರೈಲು ಇತ್ತು. ಆದರೆ ಅದು ಖಾನಾಪುರ ಮುಟ್ಟುವ ಹೊತ್ತಿಗೆ ನನ್ನ ಶಾಲೆಯಲ್ಲಿ ಪ್ರಾರ್ಥನೆ ಮುಗಿದು ಮಕ್ಕಳು ಮಗ್ಗಿ ಶುರು ಮಾಡಿರುತ್ತಿದ್ದರು. ಬಸ್ಸು ಬಂದರೆ ನಿಲ್ಲುತ್ತಿರಲಿಲ್ಲ, ನಿಂತರೆ ಹತ್ತಲು ಆಗುತ್ತಿರಲಿಲ್ಲ. ಉಳಿದದ್ದು ಜೀಪಿನಂಥ ಟ್ರ್ಯಾಕ್ಸ್ ಗಾಡಿಗಳು. ಆಟೋ ನಗರದ ಯಾವುದೋ ಗ್ಯಾರೇಜಿನಲ್ಲಿ ಒಳಗೆ ಇನ್ನೊಂದು ಹಲಗೆ ಕೂಡಿಸಿಕೊಂಡು, ಹಿಂಬಾಗಿಲ ಹೊರಗೆ ಜನ ನಿಲ್ಲಲು ಕಬ್ಬಿಣದ ಮೆಟ್ಟಿಲು ವೆಲ್ಡಿಂಗ್ ಮಾಡಿಸಿಕೊಂಡು ಬಂದ ಗಾಡಿಗಳು. ಒಳಗೆ ಹಿಡಿದಷ್ಟು ಜನ, ಹಿಡಿಯದವರು ಮೆಟ್ಟಿಲ ಮೇಲೆ. ಮುಂದಿನ ಸ್ಟಾಪನ್ನು ಯಾರು ಮೊದಲು ಮುಟ್ಟುತ್ತಾರೋ ಅವರಿಗೆ ಪ್ರಯಾಣಿಕರು ಸಿಗುತ್ತಿದ್ದುದರಿಂದ ಡ್ರೈವರುಗಳು ಒಬ್ಬರನ್ನೊಬ್ಬರು ಹಿಂದೆ ಹಾಕುತ್ತ ಜೀವದ ಹಂಗು ಬಿಟ್ಟು ಓಡಿಸುತ್ತಿದ್ದರು. ನಾವು ಒಳಗೆ ಕಣ್ಣು ಮುಚ್ಚಿ ಕೂತು, ಬೇಗ ಮುಟ್ಟಿದರೆ ಸಾಕು ಎನ್ನುತ್ತಿದ್ದೆವು.

ಈ ಗಾಡಿಗಳಿಗೂ ಪೊಲೀಸರಿಗೂ ನಡುವೆ ಒಂದು ಪದ್ಧತಿ ಬೆಳೆದಿತ್ತು. ಎದುರಿನಿಂದ ಬರುವ ಡ್ರೈವರ್ ಹಾಡುಹಗಲೇ ಹೆಡ್‌ಲೈಟ್ ಹೊಡೆದು, ಕಿಟಕಿಯಿಂದ ಕೈ ಹೊರಗೆ ಹಾಕಿ ತನ್ನ ನೆತ್ತಿ ತಟ್ಟಿಕೊಂಡನೆಂದರೆ ಮುಂದೆ ಟೋಪಿಯವರು ನಿಂತಿದ್ದಾರೆಂದು ಅರ್ಥ. ನಮ್ಮ ಡ್ರೈವರ್ ಪೀರನವಾಡಿಗೆ ಸ್ವಲ್ಪ ಈಚೆಗೆ ಗಾಡಿ ಬದಿಗೆ ಹಾಕಿ, "ಹೆಚ್ಚಿನ ಮಂದಿ ಇಳೀರ್ಯಪಾ" ಎನ್ನುತ್ತಿದ್ದ. ಹೆಚ್ಚಿನ ಮಂದಿ ಯಾರೆಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಇಳಿದು, ಚೀಲ ಹೆಗಲಿಗೇರಿಸಿ, ದಿಬ್ಬಣದವರಂತೆ ಸಾಲಾಗಿ ಪೊಲೀಸರ ಮುಂದೆಯೇ ನಡೆದು ಹೋಗುತ್ತಿದ್ದರು. ಗಾಡಿ ನಿಂತು, ತಲೆ ಎಣಿಸಿಕೊಂಡು, ಸಭ್ಯವಾಗಿ ಪಾಸಾಗಿ, ತಿರುವಿನ ಆಚೆ ಕಾಯುತ್ತಿತ್ತು. ಎಲ್ಲರೂ ಮತ್ತೆ ಹತ್ತುತ್ತಿದ್ದರು. ಕಳೆದುಹೋದ ಹೊತ್ತನ್ನು ಡ್ರೈವರ್ ದೇಸೂರು ಮುಟ್ಟುವುದರೊಳಗೆ ವಸೂಲು ಮಾಡುತ್ತಿದ್ದ.

ಪೊಲೀಸರ ಹೆಂಡತಿ ಒಳಗಿದ್ದರೆ ಗಾಡಿಯನ್ನು ಯಾರೂ ಮುಟ್ಟುವುದಿಲ್ಲ ಎಂಬುದು ಡ್ರೈವರನ ಲೆಕ್ಕಾಚಾರ. "ಬಾಯಾರ, ನೀವು ಇಳೀಬ್ಯಾಡ್ರಿ, ಕಿಟಕಿ ಬಾಜು ಕುಂದರ್ರಿ, ಸಾಹೇಬ್ರಿಗೆ ಕಾಣಂಗ" ಎಂದು ಅವನು ಅಂಗಲಾಚುತ್ತಿದ್ದ. ನನಗೆ ಅದೇ ಸಿಟ್ಟು. ಸೀಟು ಸಿಕ್ಕಿದ್ದರೂ ಬಿಟ್ಟು, ಎಲ್ಲರಿಗಿಂತ ಮೊದಲು ಇಳಿದು, ಸೆರಗು ಸರಿ ಮಾಡಿಕೊಂಡು, ಕಟ್ಟಿಕೊಂಡ ಗಂಡನ ಮುಂದೆ ಗುರುತಿಲ್ಲದವಳ ಹಾಗೆ ನಡೆದು ಹೋಗುತ್ತಿದ್ದೆ. ಇವರು ಆ ಹೊತ್ತಿಗೆ ಸರಿಯಾಗಿ ಆಕಾಶದಲ್ಲಿ ಏನನ್ನೋ ಹುಡುಕುತ್ತಿದ್ದರು. ನಮ್ಮ ಮದುವೆಯಾದ ಮೇಲೆ ಇವರು ಅಷ್ಟು ನಾಚಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಂಜೆ ಮನೆಯಲ್ಲಿ ನಾನು ಬಿಡುತ್ತಿರಲಿಲ್ಲ. "ಏನ್ರೀ, ಇವತ್ತ ಆಕಾಶದಾಗ ಎಷ್ಟ ಕಾಗಿ ಹಾರಿದ್ವು?" ಎಂದು ಕೆಣಕುತ್ತಿದ್ದೆ.

"ನಗು ನಗು. ಗಾಡ್ಯಾಗ ಕುಂತವರಿಗೆ ಕಾಯ್ದೆ ಐತಿ. ಇಳದ ನಡ್ಯಾವರಿಗೆ ಯಾವ ಕಾಯ್ದೆ ಹಚ್ಚಲಿ ನಾ? ನಡ್ಯಾವರ ಮುಂದ ನನ್ನ ಮನಿಯಾಕಿನ ಇರ್ತಾಳ" ಎನ್ನುತ್ತಿದ್ದರು.

ನಕ್ಕರೂ ಅವರ ಮಾತಿನಲ್ಲಿ ದಣಿವಿತ್ತು. ಕೈಯಲ್ಲಿ ಒಂದು ಸೀಟಿ, ಒಂದು ಲಾಠಿ. ಗಾಡಿಯ ವೇಗ ಅಳೆಯುವ ಯಂತ್ರವಿದೆಯಂತೆ ಎಂದು ಇವರು ಕೇಳಿದ್ದರಷ್ಟೆ, ಕಂಡಿರಲಿಲ್ಲ. ಕಷ್ಟಪಟ್ಟು ಒಂದು ಗಾಡಿ ಹಿಡಿದರೆ ಡ್ರೈವರನಿಗಿಂತ ಮೊದಲು ಪ್ರಯಾಣಿಕರೇ ಜಗಳಕ್ಕೆ ಬರುತ್ತಿದ್ದರು: ಕೋರ್ಟಿನ ತಾರೀಖಿದೆ, ಆಸ್ಪತ್ರೆಗೆ ಹೋಗಬೇಕು, ನಮ್ಮನ್ನು ಯಾರು ಮುಟ್ಟಿಸುತ್ತಾರೆ, ನೀವಾ? ಆದರೂ ಒಂದು ವಿಷಯದಲ್ಲಿ ಇವರು ಗಟ್ಟಿ. ಹಿಡಿದ ಗಾಡಿಯನ್ನು ಯಾರ ಮುಖ ನೋಡಿಯೂ ಬಿಡುತ್ತಿರಲಿಲ್ಲ. ಸ್ವಂತ ಅಣ್ಣನ ಮಗನ ಮೋಟರ್ ಸೈಕಲ್ಲನ್ನು ಸ್ಟೇಷನ್ನಿಗೆ ಸಾಗಿಸಿ, ಆ ವರ್ಷದ ದೀಪಾವಳಿಗೆ ನಮ್ಮ ಮನೆಗೆ ಯಾರೂ ಬರದ ಹಾಗೆ ಮಾಡಿಕೊಂಡಿದ್ದರು.

ನಡೆಯುವವರ ಸಾಲಿನಲ್ಲಿ ಒಬ್ಬರನ್ನು ಮಾತ್ರ ಇವರು ಆಕಾಶ ನೋಡಿ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಅವರು ಹಾಲಿನ ಕಾಕಾ. ಖಾನಾಪುರಕ್ಕಿಂತ ಮೊದಲೇ ಹೆದ್ದಾರಿ ಬಿಟ್ಟು ಒಳಗಿರುವ ಒಂದು ಹಳ್ಳಿಯವರು, ಎಮ್ಮೆ ಕಟ್ಟಿದವರು. ನಸುಕಿನಲ್ಲಿ ಬೆಳಗಾವಿಗೆ ಹಾಲು ತಂದು ಹಾಕಿ, ಖಾಲಿ ಕ್ಯಾನುಗಳನ್ನು ಟ್ರ್ಯಾಕ್ಸಿನ ಹಿಂದೆ ಕಟ್ಟಿಕೊಂಡು ನಮ್ಮ ಜೊತೆಗೇ ವಾಪಸಾಗುತ್ತಿದ್ದರು. ಹಳದಿ ರುಮಾಲು, ಯಾವಾಗಲೂ ಎಲೆ ಅಡಿಕೆಯ ಬಾಯಿ. ನನ್ನ ಚೀಲ ಕಸಿದುಕೊಂಡು ತಾವೇ ಹೊತ್ತು, ಇವರ ಎದುರಿಗೆ ಬಂದಾಗ ನಿಂತು ಕೈ ಮುಗಿದು, "ನಮಸ್ಕಾರ್ರಿ ಸಾಹೇಬ್ರ. ಡಾಕ್ಟರ್ ವಾಕಿಂಗ್ ಮಾಡಂದಾರ್ರಿ, ಅದಕ ಹೊಂಟೇವಿ" ಎನ್ನುತ್ತಿದ್ದರು. ಇಡೀ ಸಾಲು ನಗುತ್ತಿತ್ತು. ಇವರೂ ಮೀಸೆಯ ಕೆಳಗೆ ನಗುತ್ತಿದ್ದರು.

ಒಂದು ವರ್ಷ ಮಳೆಗಾಲದಲ್ಲಿ ನನಗೆ ಟೈಫಾಯ್ಡ್ ಆಯಿತು. ಬಹಳ ದಿನ ಮಲಗಿದೆ. ಇವರೇ ಗಂಜಿ ಕಾಸಿದರು, ಇವರೇ ತಲೆ ಬಾಚಿದರು, ಎರಡನ್ನೂ ಕೆಟ್ಟದಾಗಿ ಮಾಡಿದರು. ರಜೆ ಮುಗಿದು ಮೊದಲ ದಿನ ಶಾಲೆಗೆ ಹೊರಟಾಗ ಬೆಳಗಿನಿಂದ ಜಿಟಿಜಿಟಿ ಮಳೆ. ಟ್ರ್ಯಾಕ್ಸಿನಲ್ಲಿ ಕಾಕಾ ಅಂದು ಅದೃಷ್ಟಕ್ಕೆ ಒಳಗೆ, ಕಿಟಕಿಯ ಬಳಿ ಕೂತಿದ್ದರು. ನನ್ನನ್ನು ಕಂಡು ಎದ್ದೇಬಿಟ್ಟರು.

"ಬಾಯಾರ, ಏನಿದು ಕಡ್ಡಿ ಆಗೀರಲ್ಲ! ಇಲ್ಲಿ ಕುಂದರ್ರಿ."

"ಕಾಕಾ, ಹೊರಗ ಮಳಿ ಅದ, ನೀವ ಕುಂದರ್ರಿ."

"ನಾ ಕ್ಯಾನ್ ನೋಡಕೋಬೇಕ್ರಿ, ಹಗ್ಗ ಸಡ್ಲ ಆಗೈತಿ" ಎಂದು ಹೊರಗಿನ ಮೆಟ್ಟಿಲ ಮೇಲೆ ಹೋಗಿ ನಿಂತರು. ಹಗ್ಗ ಸಡಿಲವಾಗಿರಲಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಕಿಟಕಿಯ ಬಳಿ ಕೂತೆ.

ಆ ಮಳೆಯಲ್ಲಿ ಎದುರಿನ ಯಾವ ಗಾಡಿಯವನೂ ಲೈಟು ಹೊಡೆಯಲಿಲ್ಲ, ಕೈ ಹೊರಗೆ ಹಾಕಲಿಲ್ಲ. ನಮ್ಮ ಗಾಡಿ ತುಂಬಿದ ಹೊಟ್ಟೆಯಲ್ಲೇ ನೇರ ಇವರ ಎದುರಿಗೆ ಹೋಗಿ ನಿಂತಿತು. ಹಿಂದೆ ಮೆಟ್ಟಿಲ ಮೇಲೆ ಜನ ಜೋತಾಡುತ್ತಿದ್ದರು. ಎಷ್ಟೋ ತಿಂಗಳಿನಿಂದ ಇವರಿಗೆ ಹೀಗೆ ಒಂದೂ ಗಾಡಿ ಸಿಕ್ಕಿರಲಿಲ್ಲ. ಡ್ರೈವರ್ ಆಗಲೇ ಕಾಗದ ಹುಡುಕಲು ಶುರು ಮಾಡಿದ್ದ. ಇವರು ರೇನ್‌ಕೋಟಿನಲ್ಲಿ ನೀರು ಸುರಿಸುತ್ತ ಮುಂದೆ ಬಂದರು. ಸೀಟಿ ತುಟಿಯಲ್ಲಿತ್ತು. ಆಗ ಕಿಟಕಿಯೊಳಗೆ ಕಿವಿಗೆ ಶಾಲು ಸುತ್ತಿಕೊಂಡು ಕೂತ ನನ್ನನ್ನು ಕಂಡರು.

ಗಾಡಿ ಹಿಡಿದರೆ ನಾನು ಮಳೆಯಲ್ಲಿ ನಿಲ್ಲಬೇಕು, ಬೇರೆ ಗಾಡಿಗೆ ಕಾಯಬೇಕು. ಇವರು ಅಷ್ಟೇ ಯೋಚಿಸಿದ್ದು. ನಾನು ಏನೂ ಕೇಳಲಿಲ್ಲ, ಸನ್ನೆಯನ್ನೂ ಮಾಡಲಿಲ್ಲ. ಇವರು ಸೀಟಿ ತುಟಿಯಿಂದ ತೆಗೆದು, ಮುಖ ಆಚೆ ತಿರುಗಿಸಿ, ಹೋಗು ಎಂದು ಕೈ ಬೀಸಿದರು. ತಮ್ಮ ಇಡೀ ನೌಕರಿಯಲ್ಲಿ ಮುಖ ನೋಡಿ ಬಿಟ್ಟ ಗಾಡಿ ಅದೊಂದೇ. ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ನನಗೆ ಬಹಳ ಸಂತೋಷವಾಗಿತ್ತು.

ಡ್ರೈವರನಿಗೆ ರೆಕ್ಕೆ ಬಂದಂತಾಯಿತು. ಸಾಹೇಬರೇ ಕೈ ಬೀಸಿದ ಮೇಲೆ ಅವನಿಗೆ ಯಾರ ಅಂಜಿಕೆ? ದೇಸೂರು ದಾಟಿದ ಮೇಲೆ ಮುಂದೆ ಇನ್ನೊಂದು ಟ್ರ್ಯಾಕ್ಸ್ ಕಂಡಿತು. ಅದನ್ನು ಹಿಂದೆ ಹಾಕಲು ಹೋದ. ಎದುರಿಗೆ ಗೋವಾ ಕಡೆಯಿಂದ ಲಾರಿ ಬಂತು. ಒಮ್ಮೆಲೇ ಎಡಕ್ಕೆ ಎಳೆದ. ಗಾಡಿ ರಸ್ತೆ ಬಿಟ್ಟು ಕೆಳಗಿಳಿದು, ಜಾರಿ, ಮತ್ತೆ ರಸ್ತೆಗೆ ಹತ್ತಿತು. ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು, ಯಾರಿಗೂ ಅಂಥದ್ದೇನೂ ಆಗಲಿಲ್ಲ. ಡ್ರೈವರ್ ನಗಲು ಕೂಡ ಶುರು ಮಾಡಿದ್ದ. ಹಿಂದಿನಿಂದ ಮೆಟ್ಟಿಲ ಮೇಲಿನವರು ಕೂಗಿಕೊಂಡಾಗಲೇ ಕಾಕಾ ಇಲ್ಲವೆಂದು ಗೊತ್ತಾದದ್ದು. ಕಲ್ಲಿನ ಮೇಲೆ ತಲೆ ಬಡಿದಿತ್ತು. ಆಸ್ಪತ್ರೆಗೆ ಒಯ್ಯುವ ಮಾತೇ ಉಳಿದಿರಲಿಲ್ಲ.

ಇವರು ಆ ದಿನವೇ ಮೇಲಧಿಕಾರಿಗಳ ಎದುರು ನಿಂತು, ಗಾಡಿ ನನ್ನ ಕೈಗೆ ಸಿಕ್ಕಿತ್ತು, ನಾನೇ ಬಿಟ್ಟೆ ಎಂದು ಹೇಳಿದರಂತೆ. ಅವರು ಸಿಟ್ಟಾಗಲಿಲ್ಲ. "ಯಾರರ ಕೇಳ್ಯಾರೇನು? ಸುಮ್ಮ ಕುಂದರ್ರಿ. ನೀವು ಹಿಂಗ ಬರಕೊಟ್ರ ಡ್ರೈವರನ ವಕೀಲ ಅದನ್ನ ಹಿಡಕೊಂಡು ಅವನ್ನ ಬಿಡಿಸಿಕೊಂಡ ಹೋಗ್ತಾನ" ಎಂದರಂತೆ. ಅದು ಸುಳ್ಳೂ ಅಲ್ಲ. ಹಾಗಾಗಿ ಇವರ ತಪ್ಪಿಗೆ ದಂಡ ಹಾಕುವವರು ಯಾರೂ ಇರಲಿಲ್ಲ. ಇವರು ಊಟ ಬಿಟ್ಟರು. ನಾನು ಕೆಣಕುವುದನ್ನು ಬಿಟ್ಟೆ. ಕೊನೆಗೆ ಒಂದು ರವಿವಾರ, "ಆ ಕಾಕಾನ ಮನಿಗೆ ಹೋಗೂಣು. ಅವರರ ನನಗ ಬೈಲಿ" ಎಂದರು.

ಸಾದಾ ಅಂಗಿ, ಪ್ಯಾಂಟು ಹಾಕಿಕೊಂಡು ಬಂದರು. ಕಾಕಾನ ಹೆಂಡತಿ ಅಂಗಳದಲ್ಲಿ ಎಮ್ಮೆಗೆ ಹಿಂಡಿ ಕಲಸುತ್ತಿದ್ದರು. ಕೈ ತೊಳೆದುಕೊಂಡು ಬಂದು ಚಾಪೆ ಹಾಸಿದರು. ಇವರು ಚಾಪೆಯ ಮೇಲೆ ಕೂರಲಿಲ್ಲ.

"ಅವ್ವಾರ, ಅವತ್ತ ಆ ಗಾಡಿ ನಾ ನಿಲ್ಲಸಬೇಕಾಗಿತ್ತು. ನಿಲ್ಲಸಲಿಲ್ಲ. ಒಳಗ ಇಕಿ ಇದ್ಲು ಅಂತ ಬಿಟ್ಟೆ."

ಆಕೆ ನನ್ನತ್ತ ತಿರುಗಿ ನೋಡಿದರು. ನಾನು ತಲೆ ತಗ್ಗಿಸಿದೆ.

"ನಿಲ್ಲಿಸಿದ್ರ ಏನಾಗತಿತ್ತರಿ ಸಾಹೇಬ್ರ?" ಎಂದರು, ನಿಧಾನವಾಗಿ. "ನಮ್ಮವರು ಇಳೀತಿದ್ರು, ನಡೀತಿದ್ರು, ಮುಂದ ಮತ್ತ ಅದ ಗಾಡಿ ಹತ್ತತಿದ್ರು. ದಿನಾ ಬಂದು ಹೇಳತಿದ್ರು ನನ್ನ ಮುಂದ. ಹೇಳಿ ಹೇಳಿ ನಗತಿದ್ರು. ನೀವ್ಯಾಕ ಮನಸಿಗೆ ಹಚಗೋತೀರಿ?"

"ಇಲ್ರೀ, ಅವತ್ತ ಖರೇನ ಕೈಗೆ ಸಿಕ್ಕಿತ್ತು. ಸ್ಟೇಷನ್ನಿಗೆ ಒಯ್ದಿದ್ರ ಅವರು..."

"ಇರ್ಲಿ ಬಿಡ್ರಿ. ಹಾಲು ಕಾಸೇನಿ, ಕುಡದ ಹೋಗ್ರಿ."

ಬೈಸಿಕೊಳ್ಳಲು ಬಂದವರು ಹಾಲು ಕುಡಿದು ಹೊರಟರು. ಆ ತಾಯಿ ಸಮಾಧಾನಕ್ಕೇ ಹೇಳಿದ್ದು. ಆದರೆ ನೀವು ನಿಂತರೂ ಒಂದೇ, ನಿಲ್ಲದಿದ್ದರೂ ಒಂದೇ ಎಂದು ಇವರ ಮುಖಕ್ಕೆ ಯಾರೂ ಅಷ್ಟು ಪ್ರೀತಿಯಿಂದ ಹೇಳಿರಲಿಲ್ಲ. ಹೆದ್ದಾರಿಯವರೆಗೆ ಇಬ್ಬರೂ ನಡೆದೆವು.

ಅಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಖಾನಾಪುರದ ಕಡೆಯಿಂದ ಒಂದು ಟ್ರ್ಯಾಕ್ಸ್ ಬಂತು. ದೂರದಿಂದಲೇ ಹಾರ್ನು. ಹಿಂದೆ ಮೆಟ್ಟಿಲ ಮೇಲೆ ಜೋತುಬಿದ್ದ ಜನರ ಅಂಗಿಗಳು ಗಾಳಿಗೆ ಪಟಪಟ ಅನ್ನುತ್ತಿದ್ದವು. ನಾನು ನೋಡುನೋಡುತ್ತಿದ್ದಂತೆ ಇವರು ರಸ್ತೆಯ ನಡುವಿಗೆ ಹೋಗಿ, ಎದೆ ಸೆಟೆಸಿ ನಿಂತು, ಬಲಗೈ ಮೇಲೆತ್ತಿದರು. ಡ್ರೈವರ್ ಕಿರ್ರೆಂದು ಬ್ರೇಕ್ ಹಾಕಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ ಸಾದಾ ಅಂಗಿಯ ಇವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಅಕ್ಕಾರ, ನೀವ ಒಳಗ ಬರ್ರಿ" ಎಂದ. ಆಮೇಲೆ ಇವರ ಕಡೆ ತಿರುಗಿ, "ಮಾಮಾ, ನೀವ ಹಿಂದ ಮೆಟ್ಟಲ ಮ್ಯಾಲೆ ಹತ್ರಿ. ಲಗೂನ ಹತ್ರಿ, ಇನ್ನೊಬ್ಬರಿಗೆ ಜಾಗಾ ಐತಿ" ಎಂದ.