ಎಡಕ್ಕೆ ಸುತ್ತಿದ ಹಗ್ಗ

—ಇಲ್ಲ, ಬೇಕೆಂದೇ ಹಾಗೆ ಸುತ್ತಲಿಲ್ಲ. ಅಥವಾ ನನ್ನ ಪರ ವಕಾಲತ್ತು ವಹಿಸುವ ನೆನಪು ಹಾಗೆ ಬರೆಸುತ್ತಿದೆಯೋ... ಆ ನೆನಪನ್ನು ನಾನು ನಂಬುವುದು ಬಿಟ್ಟಿದ್ದೇನೆ. ಇಷ್ಟು ಮಾತ್ರ ನಿಜ: ಗೌಸ್ ಸಾಬರ ಕಾಲಿನ ಮೇಲೆ ಲೇಥಿನ ಚಕ್, ಅಂದರೆ ತುಂಡನ್ನು ಕಚ್ಚಿ ಹಿಡಿದು ತಿರುಗುವ ಕಬ್ಬಿಣದ ಗುಂಡು, ಬಿದ್ದದ್ದು ನನ್ನ ತಪ್ಪಿನಿಂದ. ತಪ್ಪು ಅವರದೆಂದು ನಾನು ಹೇಳಿದೆ. ಅವರು ಒಪ್ಪಿಕೊಂಡರು.

ಅವರು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಲೇಥಿನ ಮೇಲೆ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದು ನಿವೃತ್ತರಾದವರು. ನಾನು ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಿಕಲ್ ಪಾಠ ಹೇಳಿದವನು — ಅಂದರೆ ಕರಿಹಲಗೆಯ ಮೇಲೆ ಮಾತ್ರ ಮೋಟಾರು ತಿರುಗಿಸಿದವನು. ನಿವೃತ್ತನಾದ ಮೇಲಿನ ಶೋಕಿಗೆ, ಮಾಚೇನಹಳ್ಳಿ ಕೈಗಾರಿಕಾ ವಸಾಹತಿನ ಮುಚ್ಚಿದ ಶೆಡ್ಡೊಂದರಿಂದ ಹಳೆಯ ಲೇಥೊಂದನ್ನು ತಂದು ಹೊಸಮನೆ ಬಡಾವಣೆಯ ನನ್ನ ಕಾರ್ ಶೆಡ್ಡಿನಲ್ಲಿ ನಿಲ್ಲಿಸಿದೆ. ಅದಕ್ಕೆ ಮೂರು ಫೇಸ್ ಕರೆಂಟು ಬೇಕು, ಮನೆಗಿರುವುದು ಒಂದೇ. ಕೆಪಾಸಿಟರ್ ಹಾಕಿ ಆ ಕೊರತೆ ತುಂಬಲು ಹೋಗಿ ಎರಡನ್ನು ಸುಟ್ಟುಕೊಂಡು, ತಪ್ಪು ಕೆಪಾಸಿಟರಿನದೇ ಎಂದು ಸಾಧಿಸಿದೆ.

ಲೇಥ್ ಓಡಿಸಿಕೊಡಲೆಂದು ನಾನು ಕರೆಸಿದ ಗೌಸ್ ಸಾಬರು ಗುಜರಿಯಿಂದ ತ್ರೀಫೇಸ್ ಮೋಟಾರೊಂದನ್ನು ತಂದು ನೆಲಕ್ಕೆ ಬಿಗಿದರು. ಅದರ ಒಂದು ತುದಿಯ ಗಾಲಿಗೆ, ಅಂದರೆ ಪುಲ್ಲಿಗೆ, ಹಗ್ಗ ಸುತ್ತಿ ಜಗ್ಗಿದರು. ಅದು ತಿರುಗುವಾಗಲೇ ಮನೆಯ ಕರೆಂಟು ಕೊಟ್ಟರು. ಖಾಲಿ ತಿರುಗುತ್ತಲೇ ಆ ಮೋಟಾರು ಲೇಥಿಗೆ ಬೇಕಾದ ಫೇಸನ್ನು ಹುಟ್ಟಿಸಿಕೊಟ್ಟಿತು.

“ಇದು ಜುಗಾಡ್ ಸಾಬ್ರೇ, ಇಂಜಿನಿಯರಿಂಗ್ ಅಲ್ಲ” ಎಂದೆ.

“ಹೌದಾ ಸಾರ್? ಪಾಪ, ಮೋಟಾರಿಗೆ ಯಾರೂ ಹೇಳಿಲ್ಲ ನೋಡಿ, ತಿರುಗ್ತಾ ಇದೆ.” ಆಮೇಲೆ ನಗು ನಿಲ್ಲಿಸಿ ಹೇಳಿದರು: “ಈ ಪುಲ್ಲಿ ಎದುರಿಗೆ ನಿಂತ್ಕೊಂಡೇ ಹಗ್ಗ ಬಲಕ್ಕೆ ಸುತ್ತಬೇಕು. ಎಡಕ್ಕೆ ಸುತ್ತಿದ್ರೆ ಇದು ಉಲ್ಟಾ ತಿರುಗುತ್ತೆ, ಇದರ ಹಿಂದೆ ಲೇಥೂ ಉಲ್ಟಾ. ಚಕ್ ಕೂತಿರೋದು ತಿರುಪಿನ ಮೇಲೆ, ಕಳಚ್ಕೊಂಡು ಬಂದ್ಬಿಡುತ್ತೆ.”

ನಾನು ತಲೆಯಾಡಿಸಿದೆ. ಕಾರ್ಖಾನೆಯ ಆಳೊಬ್ಬ ನನಗೆ ಪಾಠ ಹೇಳುವಾಗ ನಾನು ಆಡಿಸುತ್ತಿದ್ದದ್ದು ತಲೆಯನ್ನು ಮಾತ್ರ.

ಮುಂದಿನ ಭಾನುವಾರ ಅವರು ಲೇಥಿನ ಮುಂದೆ, ನನಗೆ ಬೆನ್ನು ಹಾಕಿ ನಿಂತಿದ್ದರು. ಮೋಟಾರು ನನ್ನ ಪಾಲಿನ ಕೆಲಸ. ಪುಲ್ಲಿಯ ಎದುರಿಗೆ ಸ್ಕೂಟರ್ ನಿಂತಿತ್ತು. ಅದನ್ನು ಸರಿಸುವ ಸೋಮಾರಿತನಕ್ಕೆ ಮೋಟಾರಿನ ಹಿಂದೆ ನಿಂತು ಬಲಕ್ಕೆ ಸುತ್ತಿದೆ — ಆ ಕಡೆಯಿಂದ ಬಲವೆಂದರೆ ಎಡ. ಅಥವಾ ಅವರ ಮಾತು ಸುಳ್ಳೆಂದು ತೋರಿಸುವ ಚಪಲವೂ ಇತ್ತೇ? ಸ್ಕೂಟರ್ ಅಲ್ಲಿತ್ತೆಂಬುದನ್ನೂ ನಾನೇ ಹೇಳಬೇಕು, ಬೇರೆ ಸಾಕ್ಷಿಯಿಲ್ಲ. ಅವರು ಲೇಥಿನ ಸ್ವಿಚ್ ಒತ್ತಿದರು. ಆ ಕಬ್ಬಿಣದ ಗುಂಡು ಒಂದೇ ಜರ್ಕಿಗೆ ಸಡಿಲಗೊಂಡು, ತಿರುಪು ಬಿಚ್ಚಿಕೊಂಡು, ಅವರ ಪಾದಕ್ಕೆ ಬಿತ್ತು. ಎರಡು ಬೆರಳು ಹೋದವು.

ಮರುದಿನ ಅವರ ಅಳಿಯ ಬಂದ. ನಾನು ಚಕ್ಕನ್ನು ಮತ್ತೆ ಕೂರಿಸಿ, ಸರಿಯಾದ ಕಡೆ ನಿಂತು ಹಗ್ಗ ಸುತ್ತಿ, ಎಲ್ಲವನ್ನೂ ತಿರುಗಿಸಿ ತೋರಿಸಿದೆ.

“ನೋಡಪ್ಪ, ಸರಿಯಾಗೇ ಇದೆ. ಸಾಬ್ರು ಚಕ್ ಟೈಟ್ ಮಾಡೋದು ಮರೆತಿದ್ರು. ವಯಸ್ಸಾಯ್ತಲ್ಲ.”

ಆ ಮಾತು ಮಾಚೇನಹಳ್ಳಿಯ ಶೆಡ್ಡುಗಳಿಗೂ ತಲುಪಿತು. ನಿವೃತ್ತರಾದ ಮೇಲೂ ಅವರನ್ನು ಸೂಕ್ಷ್ಮ ಕೆಲಸಗಳಿಗೆ ಕರೆಯುತ್ತಿದ್ದ ಶೆಡ್ಡಿನವರು “ಸಾಕು ಚಾಚಾ, ಮನೇಲಿರಿ” ಎಂದರಂತೆ. ನಾನು ಮೂಸಂಬಿ ಹಿಡಿದು ಭದ್ರಾವತಿಗೆ ಹೋದೆ. ಅವರು ಕಾಲನ್ನಲ್ಲ, ತಮ್ಮ ಅಂಗೈಯನ್ನು ನೋಡಿಕೊಳ್ಳುತ್ತಿದ್ದರು.

“ಚಕ್ ಬಿಗಿ ಮಾಡೋದೇ ಮರ್ತೆ ಅಂದ್ರೆ ಈ ಕೈ ಮುಗೀತು ಸಾರ್. ಇನ್ನು ಲೇಥ್ ಮುಟ್ಟಲ್ಲ.”

ಆಗಲಾದರೂ ಹೇಳಬಹುದಿತ್ತು. ನಾನು ಅವರ ಮನೆಯ ಚಹಾ ಕುಡಿಯುತ್ತಾ, “ಬಿಡಿ ಸಾಬ್ರೇ, ಯಾರಿಗಾದ್ರೂ ಆಗುತ್ತೆ” ಎಂದೆ. ಕ್ಷಮಿಸಿದೆ! ಸುಳ್ಳಿಗಿಂತ ಆ ಔದಾರ್ಯವೇ ನನಗೆ ಇವತ್ತು ಹೆಚ್ಚು ಹೇಸಿಗೆ ಹುಟ್ಟಿಸುತ್ತದೆ.

ನಾನು ಚಪ್ಪಲಿ ಮೆಟ್ಟುವಾಗ ಅವರು ಕೇಳಿದರು: “ಸಾರ್, ಅವತ್ತು ಮೋಟಾರಿನ ಯಾವ ಕಡೆ ನಿಂತಿದ್ರಿ?”

“ನೀವು ಹೇಳಿದ ಕಡೇನೇ.”

“ಹಾಂ. ಹಂಗಾದ್ರೆ ತಪ್ಪು ನಂದೇ” ಎಂದರು.

ಆರು ವರ್ಷವಾಯಿತು, ಅವರು ಲೇಥ್ ಮುಟ್ಟಿಲ್ಲ. ಅಂದು ಅವರು ನನ್ನನ್ನು ನಂಬಿದರೋ, ಅಥವಾ ಎಲ್ಲವೂ ಗೊತ್ತಿದ್ದು ನನಗೆ ಹೇಳುವ ಅವಕಾಶ ಕೊಟ್ಟು ನೋಡಿದರೋ — ನನಗೆ ಗೊತ್ತಿಲ್ಲ.